ಖಾಲಿ ಐದು ಮಾತ್ರೆ

ಹೊಸ ಧಾಟಿ ಹೊಳೆಯುತ್ತಿಲ್ಲ ಅಂತ ಯಾರಾದರೂ ಗೋಳಾಡಿದರೆ ನಾನು ಪೂರ್ತಿ ನಂಬುವುದಿಲ್ಲ. ಹೊಳೆಯುತ್ತೆ. ಜಾಸ್ತಿನೇ ಹೊಳೆಯುತ್ತೆ. ತೊಂದರೆ ಅಂದರೆ ಹೊಳೆದದ್ದೆಲ್ಲ ಬೇರೆ ಯಾರದೋ ಆಗಿರುತ್ತೆ. ಪೇಟಿ, ಅಂದರೆ ಹಾರ್ಮೋನಿಯಂ ಮುಂದೆ ಕೂತು ಭೀಮಪಲಾಸಿ ರಾಗದ ನಾಲ್ಕು ಸ್ವರ ಹಿಡಿಯುತ್ತೀರಿ, ಐದನೆಯದು ಒತ್ತುವಷ್ಟರಲ್ಲಿ ಯಾವುದೋ ಹಳೆ ಸಿನಿಮಾ ಹಾಡು ಚಪ್ಪಲಿ ಬಿಟ್ಟು ಒಳಗೆ ಬಂದಿರುತ್ತೆ. ಅದನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರೆ ಹಿತ್ತಲಿಂದ ಒಂದು ಭಕ್ತಿಗೀತೆ ಬರುತ್ತೆ. ಕೊನೆಗೆ ಪೇಟಿ ಮುಚ್ಚಿ ‘ಇವತ್ತು ಮನಸ್ಸಿಲ್ಲ’ ಅನ್ನುತ್ತೇವೆ. ಮನಸ್ಸು ಪಾಪ ಅಲ್ಲೇ ಇರುತ್ತೆ.

ನಾನು ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ಹಾಡುತ್ತೇನೆ. ಹಿಂದೂಸ್ತಾನಿ ಗಾಯನದಲ್ಲಿ ಸೀನಿಯರ್ ಪರೀಕ್ಷೆವರೆಗೂ ಕಲಿತಿದ್ದೇನೆ. ಅಷ್ಟು ವರ್ಷದ ಕಲಿಕೆಯಲ್ಲಿ ಒಂದು ಧಾಟಿ ಕಟ್ಟುವುದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ. ಅದಕ್ಕೆ ಯಾರನ್ನೂ ದೂರುವಂತಿಲ್ಲ, ಆ ಪಾಠವೇ ಬೇರೆ. ಬಂದಿಶ್ ಅಂದರೆ ಮೊದಲೇ ಕಟ್ಟಿಟ್ಟ ಹಾಡು ಕಲಿಯುತ್ತೇವೆ, ಅದರ ಮೇಲೆ ಆಲಾಪ ಮಾಡುತ್ತೇವೆ, ತಾನ್ ಹೊಡೆಯುತ್ತೇವೆ. ಅಲ್ಲಿ ಹೊಸದನ್ನು ಹುಟ್ಟಿಸುತ್ತಲೇ ಇರುತ್ತೇವೆ, ನಿಜ. ಆದರೆ ಆಲಾಪ ಹಾಡಿದ ಗಳಿಗೆಗೇ ಮುಗಿದು ಹೋಗುತ್ತೆ, ನಾಳೆ ಅದೇ ಬರಬೇಕು ಅಂತ ಯಾರೂ ಕೇಳುವುದಿಲ್ಲ. ಧಾಟಿ ಹಾಗಲ್ಲ. ನಾಳೆ ಅದನ್ನು ಇನ್ನೊಬ್ಬರು ಹಾಡಬೇಕು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಹಾಡಲು ಬರುವವರ ಬಾಯಲ್ಲೂ ಅದು ಮುರಿಯದೆ ನಿಲ್ಲಬೇಕು. ನನ್ನ ಪ್ರಕಾರ ರಾಗ ಸಂಯೋಜನೆಯಲ್ಲಿ ಅರ್ಧ ಕೆಲಸ ಇದೇ, ಮತ್ತು ಒಳ್ಳೆ ಗಾಯಕರು ಎಡವುವುದೂ ಇಲ್ಲೇ. ತಮ್ಮ ಗಂಟಲಿಗೆ ಕಟ್ಟಿಕೊಳ್ಳುತ್ತಾರೆ.

ನಮ್ಮ ಗುಂಪು ಅಂದರೆ ಭಜನಾ ಮಂಡಳಿ. ನಮ್ಮ ಕಡೆಯ ಭಜನಾ ಮಂಡಳಿಗಳಿಗೆ ಒಂದು ಹಳೆ ಚಾಳಿ ಇದೆ, ದಾಸರ ಪದವನ್ನು ಸಿನಿಮಾ ಧಾಟಿಗೆ ಕೂರಿಸುವುದು. ನಗಬೇಡಿ, ಅದೇನು ಸುಲಭದ ಕೆಲಸವಲ್ಲ. ಸಾಹಿತ್ಯದ ಮಾತ್ರೆ (ಅಕ್ಷರ ಹಿಡಿಯುವ ಕಾಲದ ಅಳತೆ) ಮತ್ತು ಹಾಡಿನ ತಾಳ ಹೊಂದಬೇಕು, ಪಲ್ಲವಿ ತಿರುಗಿ ಬರುವ ಜಾಗ ಕೂಡಬೇಕು. ಎಪ್ಪತ್ತರ ವಯಸ್ಸಿನ ನಮ್ಮ ಅಜ್ಜಿಯೊಬ್ಬರು ಇದನ್ನು ಕುಕ್ಕರ್ ಕೂಗುವಷ್ಟರಲ್ಲಿ ಮಾಡುತ್ತಾರೆ. ಆದರೆ ಈ ಸಲ ಮಾನವಿಯ ಜಗನ್ನಾಥದಾಸರ ಆರಾಧನೆಗೆ ಅವರದೇ ಕಾವ್ಯ ಹರಿಕಥಾಮೃತಸಾರದ ಒಂದು ಸಂಧಿ (ಅಧ್ಯಾಯ) ಹಾಡೋಣ ಅಂತ ಮಂಡಳಿಯಲ್ಲಿ ತೀರ್ಮಾನವಾಯಿತು. ‘ಸಿನಿಮಾದ್ದು ಬ್ಯಾಡ ವೈನಿ, ನೀವೇ ಒಂದು ಹೊಸಾ ಧಾಟಿ ಹಚ್ಚಿ ಕೊಡ್ರಿ’ ಅಂದರು. ನಾನು ಹೂಂ ಅಂದೆ. ಆಮೇಲೆ ವಾರಗಟ್ಟಲೆ ಒಂದು ಸಾಲೂ ಕಟ್ಟಲಾಗಲಿಲ್ಲ.

ದಾಸರ ಸಾಹಿತ್ಯಕ್ಕೆ ಹೊಸ ಧಾಟಿ ಹಾಕುವುದೇ ತಪ್ಪು ಅನ್ನುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪುರಂದರದಾಸರು ಹಾಡಿದ ಮೂಲ ಧಾಟಿಗಳಲ್ಲಿ ಬಹುಪಾಲು ನಮ್ಮವರೆಗೆ ಬಂದೇ ಇಲ್ಲ. ಪುಸ್ತಕದಲ್ಲಿ ಪದದ ನೆತ್ತಿಯ ಮೇಲೆ ರಾಗ, ತಾಳದ ಹೆಸರು ಅಚ್ಚಾಗಿರುತ್ತೆ, ಇನ್ನೊಂದು ಪುಸ್ತಕದಲ್ಲಿ ಅದೇ ಪದಕ್ಕೆ ಬೇರೆ ರಾಗ. ಕರ್ನಾಟಕ ಸಂಗೀತದವರು ಒಂದು ಥರ ಹಾಡುತ್ತಾರೆ. ಭೀಮಸೇನ ಜೋಶಿಯವರ ದಾಸವಾಣಿ ಕೇಳಿದರೆ ಅದೇ ದಾಸರು ಹಿಂದೂಸ್ತಾನಿಯಲ್ಲಿ ಮಾತಾಡುತ್ತಾರೆ. ಸಾಹಿತ್ಯ ಉಳಿದು ಧಾಟಿ ಬದಲಾಗುತ್ತಾ ಬಂದಿದ್ದರಿಂದಲೇ ಈ ಪದಗಳು ಇಷ್ಟು ಕಾಲ ಬಾಳಿವೆ. ಹಾಗಾಗಿ ನನಗೆ ಪಾಪಪ್ರಜ್ಞೆಯ ಅಡ್ಡಿ ಇರಲಿಲ್ಲ. ಅಡ್ಡಿ ಬೇರೆ ಇತ್ತು. ನನ್ನ ರುಚಿ ಕೈಗಿಂತ ಬಹಳ ಮುಂದೆ ಹೋಗಿಬಿಟ್ಟಿತ್ತು. ಇಷ್ಟು ವರ್ಷ ಒಳ್ಳೊಳ್ಳೆಯವರ ಹಾಡು ಕೇಳಿ ಕಿವಿ ಬೆಳೆದಿದೆ, ಕಟ್ಟುವ ಕೈ ಇನ್ನೂ ಅಂಬೆಗಾಲು. ಅರ್ಧ ಸಾಲು ಹಾಕುವುದರೊಳಗೆ ಕಿವಿ ಬೇಡ ಅನ್ನುತ್ತಿತ್ತು.

ಯೂಟ್ಯೂಬಿನಲ್ಲಿ ಸಂಯೋಜನೆ ಹೇಳಿಕೊಡುವ ಪಾಠಗಳನ್ನೂ ನೋಡಿದೆ. ಮೊದಲು ಕಾರ್ಡ್ ಹಾಕಿ (ಕೆಲವು ಸ್ವರ ಒಟ್ಟಿಗೆ ಒತ್ತುವುದು), ಅದರ ಮೇಲೆ ಧಾಟಿ ಹುಡುಕಿ ಅನ್ನುತ್ತಾರೆ. ಸರಿ ಅಂತ ಭೂಪಾಲಿ ರಾಗ ಹಿಡಿದೆ. ಸ ರಿ ಗ ಪ ಧ, ಐದೇ ಸ್ವರ. ಆ ಐದರಲ್ಲಿ ಮಾಮೂಲಿ ಮೂರು ಸ್ವರದ ಕಾರ್ಡ್ ಎರಡೇ ಆಗುತ್ತೆ: ಸ-ಗ-ಪ ಒಂದು ಮೇಜರ್, ಧ-ಸ-ಗ ಒಂದು ಮೈನರ್. ಮುಂದಿನದು ಬೇಕಂದರೆ ಮಧ್ಯಮವನ್ನೋ ನಿಷಾದವನ್ನೋ ಸಾಲ ತರಬೇಕು, ತಂದರೆ ಭೂಪಾಲಿ ಉಳಿಯುವುದಿಲ್ಲ. ಕಾರ್ಡ್ ಕೆಟ್ಟದ್ದು ಅಂತಲ್ಲ. ಸಿನಿಮಾ ಸಂಗೀತ ನಿರ್ದೇಶಕರು ಈ ಎರಡನ್ನೂ ಚೆಂದ ಬೆಸೆದಿದ್ದಾರೆ. ನನಗೆ ಅಷ್ಟು ದೂರದ ಹಾದಿಗೆ ಹೊತ್ತಿರಲಿಲ್ಲ, ಅಷ್ಟೇ.

ಆಗಲೇ ಪೇಟಿ ಮಾಸ್ತರ ಹತ್ತಿರ ಹೋದದ್ದು. ಅವರು ವೃತ್ತಿ ನಾಟಕ ಕಂಪನಿಗಳಲ್ಲಿ ಪೇಟಿ ನುಡಿಸಿ ತಲೆ ಹಣ್ಣು ಮಾಡಿಕೊಂಡವರು. ಕಂಪನಿ ನಾಟಕದಲ್ಲಿ ಹಾಡಿಗೆ ಕಥೆಯಷ್ಟೇ ಅಲ್ಲ, ಪರದೆಯ ಕೆಲಸವೂ ಇರುತ್ತೆ. ಹಿಂದೆ ಅರಮನೆ ತೆಗೆದು ಕಾಡು ನಿಲ್ಲಿಸಬೇಕು, ಅಷ್ಟು ಹೊತ್ತು ಮುಂದೆ ಹಾಸ್ಯದ ಸೀನೋ ಹಾಡೋ ನಡೆಯಬೇಕು. ಕಾಡು ಇನ್ನೂ ನಿಂತಿಲ್ಲ ಅಂದರೆ ಹಾಡು ಇನ್ನೊಂದು ಸುತ್ತು. ಹೊಳೆಯುತ್ತಿಲ್ಲ ಮಾಸ್ತರ್ರೇ ಅಂದೆ. ಎಲೆ ಅಡಿಕೆ ಮಡಚುತ್ತಾ ಅಂದರು: ‘ಹೊಳೀಲಿ ಅಂತ ಕುಂತ್ರ ಪರದೆ ಏಳ್ತದೇನು ತಂಗಿ? ಸಂಜಿಗೆ ಪದ ಬೇಕು ಅಂದ್ರ ಬೇಕು. ಮೊದ್ಲು ಪದ ಬಿಡಿಸಿ ಎಣಿಸು.’

ದಿನವಿಡೀ ಲೆಕ್ಕ ಬರೆಯುವವಳು ಸಂಜೆಗೂ ಎಣಿಸಬೇಕಾ ಅಂತ ಒಳಗೇ ಗೊಣಗಿಕೊಂಡೆ. ಆದರೂ ಪಲ್ಲವಿಯಂತೆ ಹಾಡುವ ಮೊದಲ ಮೂರು ಸಾಲನ್ನು ಹಾಳೆ ಮೇಲೆ ಬರೆದು ಬಿಡಿಸಿದೆ.

ಹರಿಕ | ಥಾಮೃತ | ಸಾರ | ಗುರುಗಳ
ಕರುಣ | ದಿಂದಾ | ಪನಿತು | ಪೇಳುವೆ
ಪರಮ | ಭಗವದ್ | ಭಕ್ತ | ರಿದನಾ | ದರದಿ | ಕೇಳುವು | ದು

ಭಾಮಿನಿ ಷಟ್ಪದಿ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಅಂಕ ತೆಗೆದುಕೊಂಡು ಮರೆತದ್ದು ಇದೇ ತಾನೇ? ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಸಣ್ಣ ಸಾಲಿಗೆ 14. ಮೂರನೆಯ ಮತ್ತು ಆರನೆಯ ಸಾಲು ಉದ್ದ: ಮೂರು-ನಾಲ್ಕು ಮೂರು ಸಲ ಬಂದು 21, ಕೊನೆಗೊಂದು ಗುರು (ಸಾಲಿನ ತುದಿಯ ‘ದು’ವನ್ನು ಎರಡು ಮಾತ್ರೆ ಅಂತಲೇ ಎಣಿಸುವುದು), ಒಟ್ಟು 23. ಹಾಳೆ ಮೇಲೆ ಸತ್ತಂತಿದ್ದ ಈ ಅಂಕಿಗಳನ್ನು ಮಾಸ್ತರು ತೊಡೆ ಮೇಲೆ ತಟ್ಟಿ ತೋರಿಸಿದರು. ಧಾ ಧೀಂ –, ಧಾ ಧಾ ತೀಂ –, ತಾ ತೀಂ –, ಧಾ ಧಾ ಧೀಂ –. ದೀಪಚಂದಿ ತಾಳ. ಮೂರು, ನಾಲ್ಕು, ಮೂರು, ನಾಲ್ಕು. ಹದಿನಾಲ್ಕೇ ಮಾತ್ರೆ. ಭಾಮಿನಿಯ ಒಂದು ಸಣ್ಣ ಸಾಲು ದೀಪಚಂದಿಯ ಒಂದು ಆವರ್ತನದೊಳಗೆ, ಅಂದರೆ ತಾಳದ ಒಂದು ಸುತ್ತಿನೊಳಗೆ, ಒಂದು ಕೂದಲೂ ಹೊರಗೆ ಬೀಳದಂತೆ ಕೂರುತ್ತೆ. ದಕ್ಷಿಣದವರು ಇದನ್ನೇ ಮಿಶ್ರಛಾಪಿನ ಎರಡು ಆವರ್ತನ ಅನ್ನುತ್ತಾರೆ. ನಾನು ದೀಪಚಂದಿಯಲ್ಲಿ ಎಷ್ಟೋ ಹೋಳಿ ಹಾಡಿದ್ದೆ. ಭಾಮಿನಿಯನ್ನು ಪರೀಕ್ಷೆಯಲ್ಲಿ ಬರೆದಿದ್ದೆ. ಎರಡೂ ನನ್ನೊಳಗೆ ಬೇರೆ ಬೇರೆ ಕೋಣೆಯಲ್ಲಿದ್ದವು.

ಎಣಿಸಿದ ಮೇಲೆ ಕೆಲಸದ ಬಣ್ಣವೇ ಬದಲಾಯಿತು. ‘ಚೆಂದದ ಧಾಟಿ ಬೇಕು’ ಅನ್ನುವ ಮಂಜು ಹೋಗಿ ಕೈಗೆ ಸಿಗುವ ಪ್ರಶ್ನೆಗಳು ಬಂದವು. ಮೊದಲನೆಯದು ‘ಹರಿಕ | ಥಾಮೃತ’. ತಾಳದ ಪೆಟ್ಟು ‘ಥಾ’ ಮೇಲೆ ಬೀಳುತ್ತೆ, ಆದರೆ ಮಾತು ಅಲ್ಲಿ ಒಡೆಯಬಾರದು. ಹಾಡುವವರು ಪೆಟ್ಟಿಗೆ ಸರಿಯಾಗಿ ಒತ್ತಿದರೆ ‘ಹರಿಕ’ ಅಂತ ಯಾರನ್ನೋ ಕರೆದಂತಾಗುತ್ತೆ. ಇಂಥ ಕಡೆ ಸ್ವರವನ್ನು ಹಾರಿಸಬಾರದು, ಎಳೆಯಬೇಕು. ‘ಕ’ದಿಂದ ‘ಥಾ’ಗೆ ಒಂದು ಸಣ್ಣ ಮೀಂಡ್ ಇಟ್ಟರೆ ಹೊಲಿಗೆ ಕಾಣುವುದಿಲ್ಲ. ‘ಕರುಣ | ದಿಂದಾ’ದಲ್ಲೂ ಹಾಗೇ. ‘ಸಾರ’ ಬರುವ ಜಾಗ ದೀಪಚಂದಿಯ ಖಾಲಿ, ತಬಲಾದ ಎಡಗೈ ಅಲ್ಲಿ ಸುಮ್ಮನಿರುತ್ತೆ. ಹಾಗಾಗಿ ಅಲ್ಲಿ ದನಿಯೂ ತಗ್ಗಿದರೆ ಚೆನ್ನ. ನೋಡಿ, ಇನ್ನೂ ರಾಗವೇ ಆರಿಸಿಲ್ಲ, ಧಾಟಿಯ ಅಸ್ಥಿಪಂಜರ ಆಗಲೇ ನಿಂತಿದೆ.

ರಾಗದ ವಿಷಯದಲ್ಲಿ ಮಾಸ್ತರು ಇನ್ನೊಂದು ಕಟ್ಟು ಹಾಕಿದರು. ಸಣ್ಣ ಸಾಲು ಎರಡನ್ನೂ ಮೂರೇ ಸ್ವರದಲ್ಲಿ ಮುಗಿಸಬೇಕು: ಸ, ರಿ, ಮ. ಪೇಟಿ ಮುಟ್ಟುವ ಹಾಗಿಲ್ಲ, ಬಾಯಲ್ಲೇ. ಪೇಟಿ ಯಾಕೆ ಬೇಡ ಅನ್ನುವುದು ಆಮೇಲೆ ತಿಳಿಯಿತು. ಬೆರಳಿಗೆ ತಾನು ಓಡಾಡಿದ ದಾರಿ ಮಾತ್ರ ಗೊತ್ತು. ಬಿಟ್ಟರೆ ಕಲಿತ ಪಲ್ಟಾ (ಸ್ವರಾಭ್ಯಾಸದ ವರಸೆ) ಕಡೆಗೇ ಓಡುತ್ತೆ. ಗಂಟಲು ಸ್ವಲ್ಪ ಸೋಮಾರಿ, ಮಾತಿನ ಹಿಂದೆ ನಡೆಯುತ್ತೆ. ಇನ್ನು ಮೂರೇ ಸ್ವರ ಇದ್ದಾಗ ಮೇಲೆ ಕೆಳಗೆ ಹೋಗಿ ಮೆರೆಯಲು ಜಾಗವೇ ಇರುವುದಿಲ್ಲ. ಬದಲಾಯಿಸಲು ಉಳಿಯುವುದು ಕಾಲ ಒಂದೇ. ಎಲ್ಲಿ ನಿಲ್ಲಬೇಕು, ಎಲ್ಲಿ ಸರಸರ ದಾಟಬೇಕು, ಯಾವ ಅಕ್ಷರಕ್ಕೆ ಎರಡು ಮಾತ್ರೆ ಪೂರ್ತಿ ಕೊಡಬೇಕು. ನಮ್ಮ ಕಡೆಯ ಬೀಸುವ ಪದ, ಸೋಬಾನೆ ಪದ ಕೇಳಿ ನೋಡಿ. ಬಹಳಷ್ಟು ನಾಲ್ಕೈದು ಸ್ವರದೊಳಗೇ ತಿರುಗುತ್ತವೆ. ಆದರೂ ಒಂದರ ಹಾಗೆ ಇನ್ನೊಂದಿಲ್ಲ.

ಸ-ರಿ-ಮ ಹಿಡಿದು ಸಣ್ಣ ಸಾಲು ಮುಗಿದಾಗ ಮೂರನೆಯ ಸಾಲು ತಾನೇ ಪಂಚಮ ಕೇಳಿತು. ಅಲ್ಲಿಂದ ಶುದ್ಧ ನಿಷಾದ ಹತ್ತಿ ಮೇಲಿನ ಷಡ್ಜ, ಇಳಿಯುವಾಗ ಕೋಮಲ ನಿಷಾದ. ಬೃಂದಾವನಿ ಸಾರಂಗ ಅಂತ ಆಮೇಲೆ ಹೆಸರಿಟ್ಟುಕೊಂಡೆವು. ಅದು ನಡು ಮಧ್ಯಾಹ್ನದ ರಾಗ, ಸಂಜೆ ಭಜನೆಗೆ ಹೇಗೆ ಹಾಡ್ತೀರಿ ಅಂತ ನನ್ನ ಜೊತೆ ಕಲಿತವಳೊಬ್ಬಳು ಕೇಳಿದಳು. ರಾಯಚೂರಿನ ಬೇಸಿಗೆಯಲ್ಲಿ ಸಂಜೆ ಏಳಕ್ಕೂ ಗೋಡೆ ಮುಟ್ಟಿದರೆ ಮಧ್ಯಾಹ್ನವೇ ಅಲ್ವಾ?

ಈಗ ಬರುತ್ತೆ ಅಸಲಿ ಗಂಟು. ಉದ್ದ ಸಾಲಿಗೆ 23 ಮಾತ್ರೆ. ದೀಪಚಂದಿಯ ಎರಡು ಆವರ್ತನ ಅಂದರೆ 28. ‘ಕೇಳುವುದು’ ಅಂತ ಮುಗಿದ ಮೇಲೆ ಐದು ಮಾತ್ರೆ ಖಾಲಿ ಉಳಿಯುತ್ತೆ. ಅಷ್ಟು ಹೊತ್ತು ಏನು ಮಾಡುವುದು? ‘ದು’ವನ್ನೇ ಎಳೆದೆವು. ಮಂಡಳಿಯಲ್ಲಿ ಅರ್ಧ ಜನರಿಗೆ ದಮ್ಮು ಸಾಲಲಿಲ್ಲ, ಉಳಿದವರ ಶ್ರುತಿ ಜಾರಿತು. ಪೇಟಿಯಲ್ಲಿ ಒಂದು ಸಣ್ಣ ತುಣುಕು ತುಂಬಿಸಿದೆ. ಚೆನ್ನಾಗಿತ್ತು, ಆದರೆ ಪೇಟಿ ಇಲ್ಲದ ದಿನ ಅಲ್ಲಿ ಗುಂಡಿ. ತಾಳ ಬಿಟ್ಟು ಮುಂದಿನ ಸಾಲಿಗೆ ಹಾರೋಣ ಅಂದರೆ ತಬಲಾದವನು ಮುಖ ಗಂಟಿಕ್ಕಿದ. ಇಡೀ ಧಾಟಿ ಇಲ್ಲೇ ಸಿಕ್ಕಿಹಾಕಿಕೊಂಡು ಎಷ್ಟೋ ದಿನ ಬಿದ್ದಿತ್ತು.

ಈ ಬಿದ್ದಿದ್ದ ದಿನಗಳ ಬಗ್ಗೆ ಒಂದು ಮಾತು. ಸಂಗೀತಗಾರರ ಇಂಥ ಬರಗಾಲದ ಕಥೆ ಹುಡುಕಿದರೆ ಎಲ್ಲರೂ ಹೇಳುವುದು ರಷ್ಯಾದ ರಾಖ್ಮನಿನಾಫ್ ಕಥೆ. 1897ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅವರ ಮೊದಲ ಸಿಂಫನಿ ಹೀನಾಯವಾಗಿ ಸೋತಿತು. ಮುಂದೆ ಸುಮಾರು ಮೂರು ವರ್ಷ ದೊಡ್ಡದೇನನ್ನೂ ಬರೆಯಲಾಗಲಿಲ್ಲ. 1900ರಲ್ಲಿ ನಿಕೊಲಾಯ್ ದಾಲ್ ಅನ್ನುವ ಡಾಕ್ಟರ ಹತ್ತಿರ ಹೋದರು, ಡಾಕ್ಟರು ಸಂಮೋಹನ ಚಿಕಿತ್ಸೆ ಮಾಡಿದರು, ಎರಡನೆಯ ಪಿಯಾನೋ ಕನ್ಸರ್ಟೋ ಹುಟ್ಟಿತು, ಅದನ್ನು ಆ ಡಾಕ್ಟರಿಗೇ ಅರ್ಪಿಸಿದರು. ಚೆಂದದ ಕಥೆ. ಆದರೆ ನನಗೆ ಅದರಲ್ಲಿ ಹಿಡಿಸಿದ್ದು ಬೇರೆ. ನಡುವಿನ ಆ ವರ್ಷಗಳಲ್ಲಿ ಅವರು ಮಾಸ್ಕೋದ ಒಂದು ಆಪೆರಾ ಕಂಪನಿಯಲ್ಲಿ ಕಂಡಕ್ಟರ್ ಆಗಿ ದುಡಿದರು. ಬಸ್ಸಿನ ಕಂಡಕ್ಟರ್ ಅಲ್ಲ, ವಾದ್ಯಗಾರರನ್ನು ನಡೆಸುವವರು. ಸ್ವಂತದ್ದು ಬರದಿದ್ದಾಗ ಬೇರೆಯವರ ಸಂಗೀತವನ್ನು ಒಳಗಿಂದ ಬಿಚ್ಚಿ ನೋಡುವ ಕೆಲಸ. ಸಂಮೋಹನದ ಡಾಕ್ಟರು ರಾಯಚೂರಿನಲ್ಲಿ ನನಗೆ ಸಿಗಲಿಕ್ಕಿಲ್ಲ, ಈ ಕೆಲಸ ಸಿಗುತ್ತೆ.

ಹಾಗಾಗಿ ಧಾಟಿ ನಿಂತಿದ್ದಾಗ ನಾನು ದಾಸರ ಸುಳಾದಿಗಳನ್ನು ಓದಿದೆ. ನಮ್ಮ ಜಿಲ್ಲೆಯವರಿಗೆ ಇದಕ್ಕಾಗಿ ಬಹಳ ದೂರ ಹೋಗಬೇಕಿಲ್ಲ. ವಿಜಯದಾಸರು ಮಾನವಿ ಕಡೆಯ ಚೀಕಲಪರವಿಯವರು, ಸುಳಾದಿ ಅಂದರೆ ಅವರ ಹೆಸರೇ. ಒಂದೇ ರಚನೆಯೊಳಗೆ ನುಡಿಯಿಂದ ನುಡಿಗೆ ತಾಳ ಬದಲಾಗುತ್ತೆ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಕೊನೆಗೆ ‘ಜತೆ’ ಅಂತ ಎರಡು ಸಾಲು. ತಾಳ ಬದಲಾದ ಕೂಡಲೇ ವಾಕ್ಯದ ಉದ್ದ ಹೇಗೆ ಬದಲಾಗುತ್ತೆ, ಎಲ್ಲಿ ಮಾತು ಬಿಗಿಯಾಗುತ್ತೆ ಅಂತ ಪೆನ್ಸಿಲ್ ಹಿಡಿದು ನೋಡುತ್ತಾ ಹೋದರೆ ಸಂಯೋಜನೆಗೆ ಇದಕ್ಕಿಂತ ಒಳ್ಳೆ ಪಠ್ಯಪುಸ್ತಕ ಬೇಡ. ದಾಸರದೇ ಇನ್ನೊಂದು ಬಗೆಯ ರಚನೆ ಉಗಾಭೋಗ ಇದಕ್ಕೆ ತದ್ವಿರುದ್ಧ, ಅದಕ್ಕೆ ತಾಳದ ಹಂಗಿಲ್ಲ. ತೀರಾ ಸಿಕ್ಕಿಕೊಂಡ ದಿನ ನನ್ನ ಮೂರು ಸಾಲನ್ನೂ ಉಗಾಭೋಗದಂತೆ ತಾಳ ಬಿಟ್ಟು ಹಾಡಿ ನೋಡುತ್ತಿದ್ದೆ. ಮಾತು ಸಹಜವಾಗಿ ಎಲ್ಲಿ ಉಸಿರು ಕೇಳುತ್ತೆ ಅಂತ ಆಗ ತಿಳಿಯುತ್ತೆ. ವಚನಗಳಿಗೆ ಧಾಟಿ ಹಾಕುವವರ ಕಷ್ಟವೂ ಆಗ ಅರ್ಥವಾಯಿತು. ಅಲ್ಲಿ ಎಣಿಸಲು ಛಂದಸ್ಸೇ ಇಲ್ಲ, ಒಂದು ಸಾಲು ಗೇಣು, ಇನ್ನೊಂದು ಮಾರು. ನಮ್ಮೂರಿನ ರಂಗಮಂದಿರಕ್ಕೆ ಹೆಸರಿಟ್ಟಿರುವ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ಅಂಥ ಗದ್ಯವನ್ನು ತಾಳದಲ್ಲಿ ಕೂರಿಸಿ ಹಾಡಿದವರು. ಅವರ ವಚನ ಗಾಯನ ಕೇಳುವಾಗ ಈಗ ನಾನು ರಾಗ ಬಿಟ್ಟು ಸಾಲಿನ ತುದಿಯನ್ನೇ ಕೇಳುತ್ತೇನೆ.

ಇನ್ನೊಂದು ಅಭ್ಯಾಸ ಮೊಬೈಲಿನ ರೆಕಾರ್ಡರ್. ಹಾಡಿದ್ದನ್ನೆಲ್ಲ ತುಂಬಿಸಿಡುತ್ತೇನೆ, ಕರೆಂಟ್ ಹೋಗಿ ಫ್ಯಾನ್ ನಿಂತ ಸದ್ದೂ ಅದರಲ್ಲಿದೆ. ಅದೇ ದಿನ ಕೇಳುವುದಿಲ್ಲ. ಅದೇ ದಿನ ಕೇಳಿದರೆ ಒಂದೋ ಮಹಾ ಅದ್ಭುತ ಅನ್ನಿಸುತ್ತೆ, ಇಲ್ಲಾ ಅಳಿಸಿಬಿಡಬೇಕು ಅನ್ನಿಸುತ್ತೆ. ಕೆಲವು ದಿನ ಬಿಟ್ಟು ಅದನ್ನು ಅರ್ಧ ಲಯದಲ್ಲಿ ಬರೀ ಅಕಾರದಲ್ಲಿ, ಅಂದರೆ ಮಾತಿಲ್ಲದೆ ‘ಆ’ ಅಂತ, ಹಾಡುತ್ತೇನೆ. ಕದ್ದ ಮಾಲು ಆಗ ಸಿಕ್ಕಿಬೀಳುತ್ತೆ. ಮೂಲ ಹಾಡಿನ ಸಾಹಿತ್ಯ ತಾನಾಗಿ ಬಾಯಿಗೆ ಬಂದುಬಿಡುತ್ತೆ. ಬರಲಿಲ್ಲ ಅಂದರೆ ಅದು ನಂದೇ ಅಂತ ಖಾತ್ರಿಯಲ್ಲ, ಆದರೆ ಇಟ್ಟುಕೊಳ್ಳಬಹುದು.

ಐದು ಮಾತ್ರೆಯ ಗಂಟು ಬಿಚ್ಚಿದ್ದು ನಾನಲ್ಲ. ಒಂದು ಸಂಜೆ ಮಂಡಳಿಯಲ್ಲಿ ನಾನು ಸಾಲು ಹೇಳಿಕೊಡುತ್ತಿದ್ದೆ. ‘ಪರಮ ಭಗವದ್ಭಕ್ತರಿದನಾದರದಿ ಕೇಳುವುದು’ ಅಂತ ಮುಗಿಸಿ ಕೈಯಲ್ಲಿ ಖಾಲಿ ಮಾತ್ರೆ ತೋರಿಸುತ್ತಿದ್ದೆ. ಸಿನಿಮಾ ಧಾಟಿಯ ಆ ಅಜ್ಜಿ, ಭಜನೆಯಲ್ಲಿ ಹಿಂದೆ ದನಿಗೂಡಿಸುವ ರೂಢಿಗೆ, ಕೊನೆಯ ಮಾತನ್ನು ತಿರುಗಿ ಅಂದರು: ‘ಕೇಳುವುದು.’ ಪಕ್ಕದವರೂ ಅಂದರು. ತಾಳ ಸರಿಯಾಗಿ ಸಮಕ್ಕೆ, ಆವರ್ತನದ ಮೊದಲ ಪೆಟ್ಟಿಗೆ, ಬಂದು ಕೂತಿತು. ನಾನು ಬೆರಳು ಮಡಚಿ ಎಣಿಸಿದೆ. ಕೇ ಎರಡು, ಳು ಒಂದು, ವು ಒಂದು, ದು ಒಂದು. ಐದು.

‘ಯಾಕ್ರೀ ವೈನಿ, ತಪ್ಪಾತೇನು?’ ಅಂತ ಅವರು ಗಾಬರಿಯಾದರು. ‘ಇಲ್ರೀ ಅತ್ಯಾ, ಹಿಂಗೇ ಇರಲಿ’ ಅಂದೆ. ಮುಂದಾಳು ‘ದು’ ಮುಟ್ಟುವುದು, ಹಿಂದಿನವರು ‘ಕೇಳುವುದು’ ಅಂತ ತುಂಬುವುದು. ಮುಂದಾಳಿಗೆ ಅಷ್ಟರಲ್ಲಿ ಉಸಿರೂ ಸಿಗುತ್ತೆ. ಮೇಲಿನ ಷಡ್ಜ ಮುಟ್ಟಲು ಕೆಲವರು ಒದ್ದಾಡುತ್ತಿದ್ದರು, ಅದಕ್ಕೆ ಶ್ರುತಿ ಒಂದು ಮನೆ ಇಳಿಸಿದೆವು.

ಪಲ್ಲವಿಗೆ ಸರಿಹೋದದ್ದು ನುಡಿಗಳಿಗೆಲ್ಲ ಸರಿಹೋಗಲಿಲ್ಲ. ಪ್ರತಿ ನುಡಿಯ ಕೊನೆಯ ಮಾತು ಐದೇ ಮಾತ್ರೆ ಇರಬೇಕು ಅಂತ ಜಗನ್ನಾಥದಾಸರೇನು ನಮಗೆ ಬರೆದುಕೊಟ್ಟಿಲ್ಲವಲ್ಲ. ಇದ್ದ ಕಡೆ ತಿರುಗಿ ಹಾಡುತ್ತೇವೆ. ಇಲ್ಲದ ಕಡೆ ಕೈತಾಳದವರಿಗೆ ಬಿಟ್ಟಿದ್ದೇವೆ, ಅವರು ಐದು ಮಾತ್ರೆಯಲ್ಲಿ ಏನಾದರೊಂದು ಚಮತ್ಕಾರ ಮಾಡಿ ಖುಷಿಯಾಗಿದ್ದಾರೆ. ಮಾನವಿಯಲ್ಲಿ ಹಾಡಿ ಬಂದೆವು. ಚೆನ್ನಾಗಿತ್ತು ಅಂದರು. ಪ್ರಸಾದದ ಸಾಲಿನಲ್ಲಿ ಒಬ್ಬರು ‘ಇದು ಯಾವ ಸಿನಿಮಾದ ಧಾಟಿರೀ?’ ಅಂತ ಕೇಳಿದರು. ನಾನು ರಾತ್ರಿ ಮನೆಗೆ ಬಂದು ಅರ್ಧ ಲಯದಲ್ಲಿ ಅಕಾರ ಹಾಡಿ ಇನ್ನೊಮ್ಮೆ ನೋಡಿದೆ, ಯಾವ ಸಾಹಿತ್ಯವೂ ಬಾಯಿಗೆ ಬರಲಿಲ್ಲ. ಅವರಿಗೆ ಯಾವುದು ನೆನಪಾಯಿತೋ.

ಈಗ ಮಂಡಳಿಯವರಿಗೆ ಆಸೆ ಹೆಚ್ಚಾಗಿದೆ, ಒಂದು ಸುಳಾದಿ ಮಾಡೋಣ ಅಂತಾರೆ. ಧ್ರುವ ತಾಳದ ನುಡಿ ಹೇಗೋ ನಿಂತಿದೆ, ಅದೂ ಹದಿನಾಲ್ಕು ಮಾತ್ರೆಯದ್ದೇ. ಆದರೆ ಒಳಗಿನ ಹಂಚಿಕೆ ನಾಲ್ಕು-ಎರಡು-ನಾಲ್ಕು-ನಾಲ್ಕು, ದೀಪಚಂದಿಯ ರೂಢಿಯ ಕೈ ಪ್ರತಿ ಸಲ ಮೂರಕ್ಕೇ ಪೆಟ್ಟು ಹಾಕಲು ಹೋಗುತ್ತೆ. ಮಠ್ಯಕ್ಕೆ ಹತ್ತು: ನಾಲ್ಕು, ಎರಡು, ನಾಲ್ಕು. ಆ ನಡುವಿನ ಎರಡರಲ್ಲಿ ಒಂದು ಉದ್ದ ಮಾತು ಸಿಕ್ಕಿಕೊಂಡಿದೆ. ಮಾಸ್ತರನ್ನು ಕೇಳಿದೆ. ‘ನನ್ನ ಕೇಳಬ್ಯಾಡ, ಆ ಮುದುಕೀನ ಕೇಳು’ ಅಂದರು.